ಹಳೆಯ ಪೆಟ್ರೋಲ್ ಪಂಪಿನ ಜಾಗ ಕೊಳ್ಳುವವರೇ, ಸ್ವಲ್ಪ ನಿಲ್ಲಿ

ಮೋಸಹೋದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ನನಗೆ ಮೋಸ ಮಾಡಿದ ಗುತ್ತಿಗೆದಾರ ಈಗ ಇನ್ನೊಬ್ಬರ ಜಾಗದಲ್ಲಿ ಇದೇ ಕೆಲಸ ಹಿಡಿದಿದ್ದಾನೆ.

ವಿಜಯಪುರದಲ್ಲಿ ಮುಚ್ಚಿಹೋದ ಪೆಟ್ರೋಲ್ ಪಂಪಿನ ಜಾಗ ಕೊಂಡೆ, ಅಂಗಡಿ ಮಳಿಗೆ ಕಟ್ಟಿಸಲೆಂದು. ನೆಲದಡಿಯ ಟ್ಯಾಂಕ್ ತೆಗೆದು, ಎಣ್ಣೆ ಕುಡಿದ ಮಣ್ಣು ಸಾಗಿಸಿ, ಪ್ರಯೋಗಾಲಯದ ವರದಿ ಸಮೇತ ಒಪ್ಪಿಸಲು ಆ ಗುತ್ತಿಗೆದಾರನೊಂದಿಗೆ ಆರು ಲಕ್ಷಕ್ಕೆ ಮಾತಾಯಿತು. ಟ್ಯಾಂಕನ್ನೇನೋ ತೆಗೆದ. ಗುಂಡಿಗೆ ಗರಸು ತುಂಬಿ, ರೋಲರ್ ಓಡಿಸಿ, ವರದಿ ಕೈಗಿಟ್ಟ. ಸೀಲು, ಸಹಿ ಎಲ್ಲ ಇದ್ದವು. ನಾನು ಓದಲಿಲ್ಲ. ಓದಬೇಕಿತ್ತು. ಬಾಕಿ ಹಣ ಅಂದೇ ಕೊಟ್ಟೆ.

ಬುನಾದಿ ಅಗೆಯುವಾಗ ಆರು ಅಡಿ ಇಳಿಯುತ್ತಲೇ ಘಾಟು. ಕೆಲಸಗಾರರು ತಲೆಸುತ್ತುತ್ತಿದೆ ಎಂದು ಮೇಲೆ ಬಂದರು. ರಾತ್ರಿ ಮಳೆಯಾಯಿತು, ಬೆಳಿಗ್ಗೆ ಗುಂಡಿಯ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪದರ. ಮನೆಗೆ ಓಡಿಬಂದು ವರದಿ ತೆಗೆದೆ. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಅಣ್ಣನ ಮಗ ಅದನ್ನು ನೋಡಿದವನೇ, “ಕಾಕಾ, ಇದರಲ್ಲಿರುವುದು ಸಾರಜನಕ, ರಂಜಕ, ಪೊಟ್ಯಾಷ್. ತೋಟಕ್ಕೆ ಗೊಬ್ಬರ ಹಾಕುವ ಮುಂಚೆ ನಾವು ಮಾಡಿಸುವ ಪರೀಕ್ಷೆ ಇದು” ಎಂದ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆರು ಲಕ್ಷಕ್ಕೆ ಗೊಬ್ಬರದ ವರದಿ! ಪೆಟ್ರೋಲಿನಲ್ಲಿದ್ದು ರಕ್ತದ ಕ್ಯಾನ್ಸರ್ ತರುವ ಬೆಂಜೀನಿನ ಹೆಸರೇ ಅದರಲ್ಲಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಕ್ಕದ ಮನೆಯವರು ಕುಡಿಯುವುದು ಕೊಳವೆಬಾವಿಯ ನೀರನ್ನು.

ಗುತ್ತಿಗೆದಾರನಿಗೆ ಫೋನ್ ಮಾಡಿದರೆ, “ಸಾಹುಕಾರರೇ, ಪೆಟ್ರೋಲ್ ಹಾರಿಹೋಗುವ ವಸ್ತು. ನಾಲ್ಕು ದಿನ ಬಿಸಿಲು ಬೀಳಲಿ” ಎಂದ. ನಮ್ಮ ಎರೆ ನೆಲದ ಬಿರುಕಿನಲ್ಲಿ ಇಳಿದು, ಅಡಿಯ ಕರಿಕಲ್ಲಿನ ಸೀಳು ಹಿಡಿದದ್ದು ಯಾವ ಬಿಸಿಲಿಗೆ ಹಾರುತ್ತದೆ? ಡೀಸೆಲ್ ಅಂತೂ ಅಷ್ಟು ಬೇಗ ಹಾರುವುದೇ ಇಲ್ಲ. ತೆಗೆದ ಮಣ್ಣನ್ನು ಎಲ್ಲಿ ಸುರಿದೆ ಎಂದು ಕೇಳಿದೆ. “ಜಾಗ ಖಾಲಿಯಾಯಿತಲ್ಲ, ಮಣ್ಣಿನ ಚಿಂತೆ ನಿಮಗೇಕೆ?” ಹೀಗೆಂದ! ಅಪಾಯಕಾರಿ ತ್ಯಾಜ್ಯವೆಂದು ಕಂಡುಬಂದರೆ 2016ರ ನಿಯಮಗಳಂತೆ ಸಾಗಣೆಯ ದಾಖಲೆ ಇರಲೇಬೇಕು. ನನ್ನ ಬಳಿ ಒಂದು ಚೀಟಿಯೂ ಇಲ್ಲ. ಆಮೇಲೆ ಅವನು ಫೋನ್ ಎತ್ತಲೇ ಇಲ್ಲ.

ಟ್ಯಾಂಕಿನ ಅಡಿಯ ಮಣ್ಣನ್ನು, ಪೈಪು ಹಾದ ಕಡೆಯ ಮಣ್ಣನ್ನು ನಿಮ್ಮ ಕಣ್ಣೆದುರೇ ತೆಗೆಸಿ, ನೀವೇ ಪರೀಕ್ಷೆಗೆ ಕಳುಹಿಸಿ. ಮೇಲೆ ಸುರಿದ ಗರಸನ್ನಲ್ಲ. ವರದಿಯಲ್ಲಿ ಪೆಟ್ರೋಲ್, ಡೀಸೆಲ್ ಸೋರಿದ್ದನ್ನು ತೋರಿಸುವ ಬೆಂಜೀನ್, ಟಾಲುಯಿನ್, ಕ್ಸೈಲೀನ್, ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಎಂಬ ಸಾಲುಗಳಿವೆಯೇ ನೋಡಿ. ಅದಾದ ಮೇಲೆಯೇ ಹಣ.

ಪಕ್ಕದ ಮನೆಯವರ ನೀರನ್ನೂ ಪರೀಕ್ಷೆಗೆ ಕಳುಹಿಸಿದ್ದೇನೆ. ಉತ್ತರ ಬರುವವರೆಗೆ ಅವರಿಗೆ ಟ್ಯಾಂಕರ್ ನೀರು ನಾನೇ ತರಿಸುತ್ತಿದ್ದೇನೆ.