ಡಾಕ್ಟರ ಇನ್ಶೂರೆನ್ಸ್ ಕೆಲಸ ಕಲಿಸುವ ಕಾಸರಗೋಡಿನ ಕ್ಲಾಸು: ಫೈಲ್ ಓದಿಸುವ ಭಾಗಕ್ಕೆ ಮಾತ್ರ ಫುಲ್ ಮಾರ್ಕ್ಸ್

ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಭಾನುವಾರ ನಡೆಯುವ ಇನ್ಶೂರೆನ್ಸ್ ಕ್ಲಾಸಿನ ಬಗ್ಗೆ ಪರಿಚಯದವರೆಲ್ಲ ಕೇಳುತ್ತಿದ್ದಾರೆ, ಹಾಗಾಗಿ ಒಂದೇ ಸಲ ಬರೆದುಬಿಡುತ್ತೇನೆ. ಇದು ಜೀವ ವಿಮೆ ಮಾರುವ ಕ್ಲಾಸಲ್ಲ. ಚಿಕಿತ್ಸೆಯಲ್ಲಿ ತಪ್ಪಾಯಿತು ಎಂದು ರೋಗಿಯ ಮನೆಯವರು ಕೇಸು ಹಾಕಿದರೆ ಡಾಕ್ಟರ ಪರವಾಗಿ ವಕೀಲರ ಖರ್ಚು, ಪರಿಹಾರದ ಹಣ ಕೊಡುವ ಪಾಲಿಸಿ ಇದೆಯಲ್ಲ, ಪ್ರೊಫೆಷನಲ್ ಇಂಡೆಮ್ನಿಟಿ, ಅದರ ಕೆಲಸ ಕಲಿಸುತ್ತಾರೆ. ನಾನು ಮಂಗಳೂರಿನ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ಇದ್ದವಳು. ಕುಂಬಳೆಯಿಂದ ರೈಲಿನಲ್ಲಿ ಓಡಾಡಿ ಸಾಕಾಗಿತ್ತು, ಸೇರಿದೆ.

ಮೊದಲರ್ಧ ಸುಮ್ನೆ ಟೈಂಪಾಸ್. ಏಜೆಂಟ್ ಪರೀಕ್ಷೆ ಐಸಿ-38ಕ್ಕೆ ತಯಾರಿ ಅಂತ ಹೇಳಿ ಪುಸ್ತಕವನ್ನೇ ಓದಿ ಹೇಳುತ್ತಾರೆ. ಹತ್ತನೇ ಕ್ಲಾಸ್ ಪಾಸಾದವರು ಬರೆಯಬಹುದಾದ ಪರೀಕ್ಷೆ ಅದು, ಶೇಕಡಾ 35 ಬಂದರೆ ಆಯಿತು, ಏಜೆಂಟ್ ಮಾಡಿಕೊಳ್ಳುವ ಕಂಪನಿಯೇ ತರಬೇತಿ ಕೊಡುತ್ತದೆ. ಇದಕ್ಕೆ ಯಾಕೆ ಬೇರೆ ಫೀಸು? "ಡಾಕ್ಟರನ್ನು ಹೇಗೆ ಅಪ್ರೋಚ್ ಮಾಡಬೇಕು" ಎಂಬ ಒಂದು ಸೆಷನ್ ಬೇರೆ ಇದೆ, ಟೈ ಕಟ್ಟಿಕೊಂಡವರೊಬ್ಬರು ಬಂದು ಕೈಕುಲುಕುವುದು ಕಲಿಸಿ ಹೋದರು. ಒಪಿ ಮುಗಿಯುವ ತನಕ ಮೆಡಿಕಲ್ ರೆಪ್‌ಗಳ ಜೊತೆ ಬೆಂಚಿನಲ್ಲಿ ಕೂತು ಕಾಯಬೇಕು ಎಂಬ ನಿಜ ಮಾತ್ರ ಹೇಳಲಿಲ್ಲ.

ಎರಡನೇ ಅರ್ಧ ಬೇರೆಯೇ ಲೆಕ್ಕ. ಇದನ್ನು ತೆಗೆದುಕೊಳ್ಳುವವರು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿದ್ದು ರಿಟೈರ್ ಆದವರು, ಎಲ್ಲರೂ ಮಾಷ್ (ಮಲಯಾಳದಲ್ಲಿ ಮೇಷ್ಟ್ರು) ಎಂದೇ ಕರೆಯುವುದು. ಹೆಸರು ಅಳಿಸಿದ ಒಂದು ಹಳೆಯ ಫೈಲ್ ಕೈಗೆ ಕೊಟ್ಟು "ಓದಿ, ಎಂತ ಕಾಣ್ತದೆ ಹೇಳಿ" ಅಂತ ಸುಮ್ಮನೆ ಕೂತುಬಿಡುತ್ತಾರೆ. ನರ್ಸ್ ನೋಟ್ಸಿನಲ್ಲಿ ಬಿಪಿ ಇಳಿದದ್ದು 4 ಗಂಟೆಗೆ, ಡಾಕ್ಟರು ಬಂದು ನೋಡಿದ್ದು 6ಕ್ಕೆ, ನಡುವೆ ಫೋನ್ ಹೋಗಿತ್ತೋ ಇಲ್ಲವೋ ಎಲ್ಲೂ ಬರೆದಿಲ್ಲ. ಕನ್ಸೆಂಟ್ ಫಾರ್ಮಿನಲ್ಲಿ ಸಹಿ ಒಂದು ಇಂಕು, ಆಪರೇಷನ್ ಹೆಸರು ಇನ್ನೊಂದು ಇಂಕು. ಕೇಸು ಗೆಲ್ಲುವುದು, ಸೋಲುವುದು ಜಾಸ್ತಿ ಇಂಥದ್ದರಲ್ಲೇ ಅಂತೆ.

ಪಾಲಿಸಿಯ ಒಳಗುಟ್ಟೂ ಇಲ್ಲೇ ಅರ್ಥವಾಯಿತು. ಆಪರೇಷನ್ ಆದದ್ದು 2022ರಲ್ಲಿ, ನೋಟಿಸ್ ಬಂದದ್ದು 2024ರಲ್ಲಿ ಎಂದುಕೊಳ್ಳಿ. ನೋಟಿಸ್ ಬಂದ ವರ್ಷದ ಪಾಲಿಸಿ ಚಾಲ್ತಿಯಲ್ಲಿರಬೇಕು, ಅದರಲ್ಲಿ ಬರೆದ ರೆಟ್ರೋಆಕ್ಟಿವ್ ದಿನಾಂಕ, ಅಂದರೆ ಯಾವ ದಿನದಿಂದ ಈಚಿನ ಚಿಕಿತ್ಸೆಗೆ ಪಾಲಿಸಿ ಅನ್ವಯಿಸುತ್ತದೋ ಆ ದಿನ, ಆಪರೇಷನ್‌ಗಿಂತ ಹಿಂದಿನದಾಗಿರಬೇಕು. ನಡುವೆ ರಿನ್ಯೂ ಮಾಡದೆ ಬಿಟ್ಟರೆ ಆ ಹಿಂದಿನ ದಿನಾಂಕವೇ ಕೈತಪ್ಪಬಹುದು. ಇನ್ನೊಂದು, ಒಂದು ಕೋಟಿಯ ಪಾಲಿಸಿ ಎಂದರೆ ಒಂದು ಕೇಸಿಗೆ ಒಂದು ಕೋಟಿ ಎಂದೇನಿಲ್ಲ. ಒಂದು ಕೇಸಿನ ಮಿತಿಗೂ ಇಡೀ ವರ್ಷದ ಮಿತಿಗೂ ಇರುವ ಅನುಪಾತ 1:4 ಆದರೆ ಒಂದು ಕೇಸಿಗೆ ಹೆಚ್ಚೆಂದರೆ ಸಿಗುವುದು 25 ಲಕ್ಷವೇ. ಚಿಕಿತ್ಸೆಯ ತಪ್ಪಿನಿಂದ ತೀರಿಕೊಂಡ ಅನುರಾಧಾ ಸಾಹಾ ಅವರ ಕೋಲ್ಕತ್ತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಸುಮಾರು 6 ಕೋಟಿ ಪರಿಹಾರ ಕೊಡಿಸಿದ್ದನ್ನು ಹೇಳಿದಾಗ ಕ್ಲಾಸಿನಲ್ಲಿ ಎಲ್ಲರೂ ಮೊಬೈಲ್ ಕೆಳಗಿಟ್ಟರು. ನೋಟಿಸ್ ಬಂದ ಕೂಡಲೇ ಕಂಪನಿಗೆ ತಿಳಿಸಬೇಕು, ಕಂಪನಿಯನ್ನು ಕೇಳದೆ ತಪ್ಪೊಪ್ಪಿಕೊಳ್ಳಬಾರದು, ರಾಜಿಯೂ ಆಗಬಾರದು. ನೋಟಿಸನ್ನು ಡ್ರಾಯರಿನಲ್ಲಿಟ್ಟು ಮರೆಯುವ ಡಾಕ್ಟರೇ ಕ್ಲೇಮ್ ಆಫೀಸರಿಗೆ ದೊಡ್ಡ ತಲೆನೋವು.

ನಮ್ಮ ಕಡೆಯವರು ಗಮನಿಸಬೇಕಾದ ಮಾತು ಬೇರೆ ಇದೆ. ಡಾಕ್ಟರ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲೇ, ವಿ.ಪಿ. ಶಾಂತಾ ಪ್ರಕರಣದಲ್ಲಿ. ಆದರೆ 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾನೂನಿನಲ್ಲಿ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಅಂದರೆ ಉಪ್ಪಳದವರು ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಕಾಸರಗೋಡಿನಲ್ಲಿ ದೂರು ಕೊಡಬಹುದು. ಆಗ ಕೇಸ್ ಶೀಟ್ ಇಂಗ್ಲಿಷಿನಲ್ಲಿ, ವಕೀಲರ ಕಾಗದ ಮಲಯಾಳದಲ್ಲಿ, ಡಾಕ್ಟರು ಮಾತಾಡುವುದು ಕನ್ನಡ, ರೋಗಿಯ ಹೆಂಡತಿ ತುಳು! ಇಷ್ಟನ್ನೂ ಓದಿ, ಕೇಳಿ, ಒಂದು ರಿಪೋರ್ಟ್ ಬರೆಯಬಲ್ಲವರು ವಿಮಾ ಕಂಪನಿಯ ಮುಂಬೈ ಆಫೀಸಿನಲ್ಲಿ ಎಲ್ಲಿ ಸಿಗುತ್ತಾರೆ? ಪಾಲಿಸಿ ಮಾರಿ ಬರುವ ಕಮಿಷನ್ ನಂಬಿ ಮನೆ ನಡೆಯುವುದು ಕಷ್ಟ, ಇಲ್ಲಿ ಡಾಕ್ಟರುಗಳೇ ಎಷ್ಟು ಮಂದಿ ಇದ್ದಾರೆ? ಕ್ಲೇಮ್ ತನಿಖೆ, ವಕೀಲರಿಗೆ ಫೈಲ್ ತಯಾರಿ, ಈ ಕಡೆ ನಮಗೆ ದಾರಿ ಇದೆ ಅಂತ ನನ್ನ ಅನಿಸಿಕೆ. ನರ್ಸಿಂಗ್ ಓದಿದವರಿಗಂತೂ ಇನ್ನೂ ಒಳ್ಳೆಯದು. ಮೇಲೆ ಹೋಗಬೇಕಾದರೆ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟಿನ ಲೈಸೆನ್ಶಿಯೇಟ್, ಅಸೋಸಿಯೇಟ್ ಪರೀಕ್ಷೆ ಬರೆಯಲೇಬೇಕು, ಅದಕ್ಕೆ ಈ ಕ್ಲಾಸು ಸಾಲದು.

ಕೊರತೆ ಇಲ್ಲವೆಂದಲ್ಲ. ಸ್ಲೈಡುಗಳಲ್ಲಿ ಇನ್ನೂ 1986ರ ಹಳೆಯ ಗ್ರಾಹಕ ಕಾನೂನು ಇದೆ, ಮಾಷ್ ಬಾಯಲ್ಲಿ ತಿದ್ದುತ್ತಾರೆ. ನಿರ್ಲಕ್ಷ್ಯದಿಂದ ಸಾವಾದರೆ ಹಾಕುವ ಐಪಿಸಿ 304ಎ ಸೆಕ್ಷನ್ ಹೋಗಿ ಭಾರತೀಯ ನ್ಯಾಯ ಸಂಹಿತೆಯ 106 ಬಂದದ್ದೂ ಹಾಗೆಯೇ. ಕನ್ನಡದವರು ಕಡಿಮೆ ಬಂದ ದಿನ ಮಲಯಾಳ ಬ್ಯಾಚಿಗೆ ಸೇರಿಸುತ್ತಾರೆ, ಪೆರ್ಲ ಕಡೆಯಿಂದ ಬಂದ ಹುಡುಗನೊಬ್ಬ ಅರ್ಧ ಅರ್ಥವಾಗದೆ ಕೂತಿದ್ದ.

ಎರಡನೇ ಅರ್ಧಕ್ಕೆ ಮಾತ್ರ ಸೇರುತ್ತೇನೆ ಎಂದು ಆಫೀಸಿನಲ್ಲಿ ಗಟ್ಟಿಯಾಗಿ ಕೇಳಿ. ಮೊದಲು ಆಗುವುದಿಲ್ಲ ಎನ್ನುತ್ತಾರೆ, ಆಮೇಲೆ ಒಪ್ಪುತ್ತಾರೆ. ಕನ್ನಡ ನೋಟ್ಸಿನ ಝೆರಾಕ್ಸ್ ಕೂಡ ಇದೆ, ಕೇಳಿದವರಿಗೆ ಮಾತ್ರ ಕೊಡುತ್ತಾರೆ.