ಲಿವಿಂಗ್ ವಿಲ್ ಮಾಡಿಸೋಕೆ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ನಮ್ಮಮ್ಮನ ಲಿವಿಂಗ್ ವಿಲ್‌ನಲ್ಲಿ, ಅಂದರೆ ಮುಂದೆ ತಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದದಲ್ಲಿ, ಅಮ್ಮ ಜನ್ಮದಲ್ಲಿ ಮುಖ ನೋಡದ ಇಬ್ಬರು "ಇವರು ನಮ್ಮ ಎದುರಿಗೇ ಸಹಿ ಮಾಡಿದ್ದಾರೆ" ಅಂತ ಸಾಕ್ಷಿ ಹಾಕಿದ್ದಾರೆ. ಅದಕ್ಕೆ ದುಡ್ಡು ಕಟ್ಟಿದವಳು ನಾನೇ. ಒಟ್ಟು 3,399 ರೂಪಾಯಿ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. ಆದರೆ ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮದು ತುಮಕೂರು. ಅಪ್ಪ ಹೋದ ವರ್ಷ ತೀರಿಕೊಂಡರು. ಕೊನೆಯ 19 ದಿನ ವೆಂಟಿಲೇಟರ್ ಮೇಲೇ ಇದ್ದರು. ಪೈಪು ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದ್ದರು. ಅಮ್ಮ ಒಳಗೆ ಹೋದಾಗಲೆಲ್ಲ ಆ ಗಂಟನ್ನೇ ಸವರುತ್ತಿದ್ದರು. ತಿಥಿ ಮುಗಿದ ಮೇಲೆ ಒಂದು ದಿನ ನನ್ನ ಕರೆದು, "ನಂಗೆ ಹಿಂಗೆ ಕಟ್ಟಿ ಹಾಕಿಸ್ಬೇಡ ಕಣೇ. ಬರೆದು ಕೊಡ್ತೀನಿ, ಏನು ಮಾಡ್ಬೇಕೋ ಮಾಡು" ಅಂದರು. ಅಮ್ಮನಿಗೆ 74. ಬುದ್ಧಿ, ನೆನಪು ಎಲ್ಲ ಚುರುಕಾಗಿದೆ.

ಇದಕ್ಕೆ ಕಾನೂನಿದೆ ಅಂತ ನನಗೆ ಗೊತ್ತಿತ್ತು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿದ್ದು ಪೇಪರ್‌ನಲ್ಲಿ ಬಂದಿತ್ತು. ಕಾಗದ ಹೇಗಿರಬೇಕು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಮೊಬೈಲ್‌ನಲ್ಲಿ ಹುಡುಕಿದಾಗ ಮೊದಲು ಬಂದ ಜಾಹೀರಾತನ್ನೇ ಒತ್ತಿದೆ. "15 ನಿಮಿಷದಲ್ಲಿ ಲಿವಿಂಗ್ ವಿಲ್, ಮನೆಯಲ್ಲೇ ಕೂತು, ಕನ್ನಡದಲ್ಲೂ." 1,499 ರೂಪಾಯಿ. ಅದರ ಜೊತೆ "ನೋಟರಿ ಮತ್ತು ರಿಜಿಸ್ಟ್ರೇಷನ್ ಪ್ಯಾಕ್" ಇನ್ನೊಂದು 1,200.

ಅಮ್ಮನ ಪಕ್ಕದಲ್ಲೇ ಕೂತು ಒಂದೊಂದು ಪ್ರಶ್ನೆಯನ್ನೂ ಓದಿ ಹೇಳಿ ತುಂಬಿದೆ. ವೆಂಟಿಲೇಟರ್ ಬೇಡ, ಊಟ ಹಾಕೋಕೆ ಮೂಗಿನ ನಳಿಕೆ ಬೇಡ, ನೋವಿಗೆ ಔಷಧಿ ಬೇಕು. ಅಮ್ಮನ ಪರವಾಗಿ ನಿರ್ಧಾರ ಹೇಳುವವರ ಜಾಗದಲ್ಲಿ ಒಂದೇ ಹೆಸರಿಗೆ ಅವಕಾಶ. ಎರಡನೇ ಹೆಸರಿಗೆ ಬೇರೆ ಚಾರ್ಜ್. ತಮ್ಮನ ಹೆಸರು ಆಮೇಲೆ ಸೇರಿಸಿದರಾಯ್ತು ಅಂತ ನನ್ನ ಹೆಸರು ಹಾಕಿದೆ. ಕೊನೆಗೆ, "ಬಿಳಿ ಹಾಳೆ ಮೇಲೆ ಸಹಿ ಹಾಕಿಸಿ ಫೋಟೋ ಕಳಿಸಿ" ಅಂದರು. ಆಧಾರ್ ಕಾರ್ಡಿನ ಫೋಟೋ ಕೂಡ. ಖಾಲಿ ಹಾಳೆ ಮೇಲಿನ ಸಹಿಯನ್ನು ಯಾರಾದರೂ ಕೇಳುತ್ತಾರಾ? ಬ್ಯಾಂಕಿನಲ್ಲಿ ಯಾರಾದರೂ ಕೇಳಿದ್ದರೆ ನಾನು ಜಗಳವೇ ಆಡುತ್ತಿದ್ದೆ. ಆವತ್ತು ಕಳಿಸಿಬಿಟ್ಟೆ.

ಡ್ರಾಫ್ಟ್ ಬಂತು. ಬೇಡ ಅಂದಿದ್ದೆಲ್ಲ "ಬೇಕು" ಆಗಿತ್ತು! ಅವರ ಫಾರಂನಲ್ಲಿ ಮೊದಲೇ ಟಿಕ್ ಆಗಿದ್ದದ್ದು ಹಾಗೇ ಉಳಿದಿತ್ತು, ನಾನು ಬದಲಿಸಿದ್ದು ಸೇವ್ ಆಗಿರಲಿಲ್ಲ. ಸರಿ ಮಾಡಿ ಅಂದರೆ, "ಪೇಮೆಂಟ್ ಆದ್ಮೇಲೆ ಡ್ರಾಫ್ಟ್ ಲಾಕ್ ಆಗುತ್ತೆ ಮೇಡಂ, ಒಂದು ತಿದ್ದುಪಡಿಗೆ 350." ಕಟ್ಟಿದೆ. ವೆಂಟಿಲೇಟರ್ ಸಾಲು ಸರಿಹೋಯಿತು, ನಳಿಕೆಯ ಸಾಲು ಹಾಗೇ ಇತ್ತು. "ಅದು ಬೇರೆ ತಿದ್ದುಪಡಿ ಮೇಡಂ." ಮತ್ತೆ 350 ಕಟ್ಟಿದೆ. ತಪ್ಪು ಅವರದು, ದುಡ್ಡು ನನ್ನದು.

ಹತ್ತು ದಿನಕ್ಕೆ ನೋಟರಿ ಆದ ಪ್ರತಿ ಕೊರಿಯರ್‌ನಲ್ಲಿ ಬಂತು. ಆರು ಪುಟ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ತಿರುಗಿಸಿ ನೋಡುತ್ತಾ ಬಂದರು. ಆವತ್ತು ಬಿಳಿ ಹಾಳೆ ಮೇಲೆ ಸಹಿ ಮಾಡುವಾಗ ಪೆನ್ನು ಕಕ್ಕಿ, ಕೊನೆಯ ಅಕ್ಷರದ ಕೆಳಗೆ ಒಂದು ಇಂಕಿನ ಚುಕ್ಕೆ ಬಿದ್ದಿತ್ತು. ಆರು ಪುಟದಲ್ಲೂ ಅದೇ ಸಹಿ, ಅದೇ ಚುಕ್ಕೆ. ಕೊನೆಯ ಪುಟದಲ್ಲಿ ಬೇರೆ ರಾಜ್ಯದ ನೋಟರಿಯ ಸೀಲು. ಅದರ ಮೇಲೆ ಇಬ್ಬರು ಸಾಕ್ಷಿಗಳು.

"ಇವರ್ಯಾರೇ? ಇವರೆದುರಿಗೆ ನಾನು ಯಾವತ್ತು ಸೈನ್ ಹಾಕ್ದೆ?" ಅಂದರು ಅಮ್ಮ.

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಫೋನ್ ಮಾಡಿ ಕೇಳಿದರೆ ಆ ಕಡೆಯ ಹುಡುಗ, "ಸಾಕ್ಷಿದಾರರು ನಮ್ಮ ಪ್ಯಾನೆಲ್‌ನೋರು ಮೇಡಂ, ಎಲ್ಲಾ ಕಸ್ಟಮರ್‌ಗೂ ಅವರೇ ಹಾಕೋದು" ಅಂದ. ಅವನ ದನಿಯಲ್ಲಿ ಒಂಚೂರೂ ಅಳುಕಿರಲಿಲ್ಲ. ಎಲ್ಲಾ ಕಸ್ಟಮರ್‌ಗೂ ಅಂತೆ! ನೋಟರಿ ಎದುರಿಗೆ ನಮ್ಮಮ್ಮ ಹೋಗೇ ಇಲ್ಲವಲ್ಲಪ್ಪ ಅಂದೆ. "ಅದು ಡಿಜಿಟಲ್ ಪ್ರೊಸೆಸ್ ಮೇಡಂ." ರಿಜಿಸ್ಟ್ರೇಷನ್ ನಂಬರ್ ಅಂತ ಹಾಕಿದ್ದೀರಲ್ಲ, ಎಲ್ಲಿ ರಿಜಿಸ್ಟರ್ ಆಗಿದೆ ಅಂತ ಕೇಳಿದೆ. "ನಮ್ಮ ಸಿಸ್ಟಮ್‌ನಲ್ಲಿ ಮೇಡಂ." ಆಮೇಲೆ ನೋಡಿದರೆ ಅದು ನನ್ನ ಬಿಲ್ ನಂಬರ್.

ಆದರೂ ಸಮಾಧಾನವಾಗದೆ, ಅಪ್ಪನ ಕಾಲದಿಂದ ನಮ್ಮನ್ನು ನೋಡುವ ಡಾಕ್ಟರ ಹತ್ತಿರ ತೆಗೆದುಕೊಂಡು ಹೋದೆ. ಅವರು ಪೂರ್ತಿ ಓದಿದರು. "ನೋಡಮ್ಮ, ಎರಡನೇ ಪುಟದಲ್ಲಿ ವೆಂಟಿಲೇಟರ್ ಬೇಡ ಅಂತಿದೆ, ನಾಲ್ಕನೇ ಪುಟದಲ್ಲಿ ಜೀವ ಉಳಿಸೋಕೆ ಎಲ್ಲಾ ಚಿಕಿತ್ಸೆ ಕೊಡಿ ಅಂತಿದೆ. ಹಿಂಗೆ ಗೊಂದಲ ಇದ್ರೆ ಮೆಡಿಕಲ್ ಬೋರ್ಡ್, ಅಂದ್ರೆ ಇದನ್ನ ತೀರ್ಮಾನ ಮಾಡೋ ಡಾಕ್ಟರ್‌ಗಳ ಸಮಿತಿ, ಇದನ್ನ ಪಕ್ಕಕ್ಕಿಡುತ್ತೆ, ಕಾಗದವೇ ಇಲ್ಲದ ಪೇಷಂಟ್ ಥರಾನೇ ನೋಡ್ತಾರೆ" ಅಂದರು. ಇನ್ನೊಂದನ್ನೂ ತೋರಿಸಿದರು. ಕೊನೆಯಲ್ಲಿ ಮ್ಯಾಜಿಸ್ಟ್ರೇಟ್ ಸಹಿಗೆ ಖಾಲಿ ಜಾಗ ಬಿಟ್ಟಿದ್ದರು. ಆ ನಿಯಮವನ್ನು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ತೆಗೆದುಹಾಕಿದೆ. ಅಂದರೆ ಹಳೇ ನಮೂನೆಗೆ ಅಮ್ಮನ ಹೆಸರು ತುಂಬಿ ಕಳಿಸಿದ್ದಾರೆ, ಅಷ್ಟೇ.

ನಾಳೆ ಅಮ್ಮನಿಗೆ ಏನಾದರೂ ಆಗಿ ನಾನು ಈ ಕಾಗದ ಹಿಡಿದು ಐಸಿಯು ಬಾಗಿಲಲ್ಲಿ ನಿಂತಿದ್ದರೆ? ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಇದರ ಮಧ್ಯೆ ತಮ್ಮನೂ ಕಾಗದ ನೋಡಿ, "ನನ್ನ ಹೆಸರು ಯಾಕಿಲ್ಲ ಅಕ್ಕ? ನಾನು ಅಮ್ಮನಿಗೆ ಯಾರೂ ಅಲ್ವಾ?" ಅಂದುಬಿಟ್ಟ. ಅವನಿಗೆ ಎಷ್ಟು ವಿವರಿಸಿದರೂ ಎರಡು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಕೋರ್ಟ್ ಒಬ್ಬರಿಗಿಂತ ಹೆಚ್ಚು ಹೆಸರಿಗೆ ಅವಕಾಶ ಕೊಟ್ಟಿದೆ. ಅದನ್ನೂ ಇವರು ದುಡ್ಡಿಗೆ ಮಾರುತ್ತಿದ್ದಾರೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ಸೇವೆ ಪೂರ್ಣಗೊಂಡಿದೆ. ಡ್ರಾಫ್ಟ್ ಅನ್ನು ತಾವೇ ಒಪ್ಪಿರುತ್ತೀರಿ." ನಾನು ಯಾವಾಗ ಒಪ್ಪಿದೆ? ಎರಡನೇ 350 ಕಟ್ಟಿದ್ದೇ ಒಪ್ಪಿಗೆಯಂತೆ! ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನೋಡಬೇಕು.

ಆಮೇಲೆ ನಾವು ಮಾಡಿದ್ದು ಇಷ್ಟೇ, ಮೊದಲೇ ಹೀಗೆ ಮಾಡಬೇಕಿತ್ತು. ಅಮ್ಮ ತಮ್ಮ ಕೈಯಾರೆ ಕನ್ನಡದಲ್ಲಿ ಒಂದೂವರೆ ಪುಟ ಬರೆದರು. ಯಾವ ಸ್ಥಿತಿಯಲ್ಲಿ ಏನು ಬೇಡ ಅನ್ನೋದನ್ನು ಡಾಕ್ಟರ್ ನೋಡಿ ಎರಡು ಪದ ತಿದ್ದಿಸಿದರು. ನನ್ನದೂ ತಮ್ಮನದೂ ಹೆಸರು ಹಾಕಿದರು. ಹಿಂದಿನ ಕಾಗದವನ್ನು ರದ್ದು ಮಾಡಿದ್ದೇನೆ ಅಂತ ಮೊದಲ ಸಾಲಿನಲ್ಲೇ ಬರೆದರು. ಬರಹದಲ್ಲಿ ಯಾವಾಗ ಬೇಕಾದರೂ ರದ್ದು ಮಾಡಬಹುದು, ಬದಲಿಸಬಹುದು. ಪಕ್ಕದ ಬೀದಿಯ ಇಬ್ಬರು ಪರಿಚಯದವರನ್ನು ಆಟೋದಲ್ಲಿ ಕೂರಿಸಿಕೊಂಡು ಕೋರ್ಟ್ ಹತ್ತಿರದ ನೋಟರಿ ಎದುರು ಹೋದೆವು. ನೋಟರಿ ಅಮ್ಮನನ್ನೇ ಕೇಳಿದರು, "ಯಾರಾದ್ರೂ ಬಲವಂತ ಮಾಡಿದಾರಾ ತಾಯಿ?" ಅಂತ. ಆ ಒಂದು ಪ್ರಶ್ನೆಯನ್ನು ಆನ್‌ಲೈನ್‌ನವರು ಕೇಳಲೇ ಇಲ್ಲ. ನೋಟರಿ ಬದಲು ಗೆಜೆಟೆಡ್ ಅಧಿಕಾರಿ ಎದುರಿಗೂ ಮಾಡಿಸಬಹುದು. ಒಂದು ಪ್ರತಿ ಡಾಕ್ಟರಿಗೆ ಕೊಟ್ಟೆವು, ಇನ್ನೊಂದು ಊರಿನ ಸ್ಥಳೀಯ ಸಂಸ್ಥೆಯ ಅಧಿಕಾರಿಗೆ. ಹಳ್ಳಿಯವರಾದರೆ ಪಂಚಾಯ್ತಿಗೆ.

ದಯವಿಟ್ಟು ಬಿಳಿ ಹಾಳೆ ಮೇಲಿನ ಸಹಿ ಯಾರಿಗೂ ಕಳಿಸಬೇಡಿ. ಸಾಕ್ಷಿಗಳನ್ನು ನಾವೇ ಕೊಡ್ತೀವಿ ಅಂದವರ ಹತ್ತಿರ ಹೋಗಲೇಬೇಡಿ.

ನಿನ್ನೆ ಮತ್ತೆ ಮೆಸೇಜ್ ಬಂದಿದೆ. ಡಾಕ್ಯುಮೆಂಟ್ "ಚಾಲ್ತಿಯಲ್ಲಿರಲು" ವರ್ಷಕ್ಕೆ 499 ಕಟ್ಟಬೇಕಂತೆ. ಅಮ್ಮನ ಸಹಿ, ಆಧಾರ್ ಎರಡನ್ನೂ ಡಿಲೀಟ್ ಮಾಡಿ ಅಂತ ನಾಲ್ಕು ಸಲ ಬರೆದಿದ್ದೇನೆ. ಅದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.