ಟ್ರಾವರ್ಟೈನ್ ಹಾಸಿದ್ದೀರಾ? ಆಸಿಡ್ ವಾಶ್ ಮಾಡಿಸಬೇಡಿ

ಸುರತ್ಕಲ್ ಕಡೆಯ ಹೊಸ ಮನೆಯೊಂದರ ಸಿಟೌಟಿಗೆ (ಮುಂದಿನ ಜಗಲಿಗೆ) ಹಾಸಿದ ಟ್ರಾವರ್ಟೈನ್ ಎಂಬ ತೂತು ತೂತಿನ ಕಲ್ಲು ಗೃಹಪ್ರವೇಶಕ್ಕೆ ಮೊದಲೇ ಹಾಳಾಗಿದೆ. ಹೊಳಪು ಹೋಗಿ ಬಿಳಿಚಿಕೊಂಡಿದೆ, ತೂತುಗಳಿಗೆ ತುಂಬಿದ್ದ ಫಿಲ್ಲರ್ ಅಲ್ಲಲ್ಲಿ ಎದ್ದಿದೆ. ಕಾರಣ ಇಷ್ಟೇ: ಸಿಮೆಂಟ್ ಕಲೆ ತೆಗೆಯಲು ಆಸಿಡ್ ಹಾಕಿ ತೊಳೆದದ್ದು. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಹಾಕಿದ ಮೇಲೆ ಹೀಗೆ ತೊಳೆದು ರೂಢಿಯಾದವರು ಇದಕ್ಕೂ ಅದನ್ನೇ ಮಾಡಿದ್ದಾರೆ.

ಇದು ಸುಣ್ಣದ ಕಲ್ಲು. ಸುಣ್ಣ ಕರಗಿದ ಬುಗ್ಗೆಯ ನೀರು ಮೇಲೆ ಬಂದು, ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂತು ಆದದ್ದು. ರೋಮಿನ ಹತ್ತಿರದ ಟಿವೊಲಿ, ತುರ್ಕಿಯ ಡೆನಿಜ್ಲಿಯ ಕಲ್ಲು ಹೆಸರುವಾಸಿ. ಆಸಿಡ್ ಬಿದ್ದಾಗ ಏಳುವ ನೊರೆ ಕೊಳೆಯದ್ದಲ್ಲ, ಕಲ್ಲೇ ಕರಗುತ್ತಿರುವುದು. ತೂತಿಗಿಳಿದ ಆಸಿಡ್ ಬೇಗ ತೊಳೆದುಹೋಗುವುದೂ ಇಲ್ಲ. ಮುರಕಲ್ಲಿಗೂ (ಲ್ಯಾಟರೈಟ್) ತೂತಿದೆಯಲ್ಲ ಎನ್ನಬೇಡಿ. ಅದು ಮುಖ್ಯವಾಗಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡಿನದ್ದು, ಗುಣವೇ ಬೇರೆ.

ಕೊಳ್ಳುವ ಮೊದಲು ಪಾಲಿಶ್ ಮಾಡಿದ ಸ್ಯಾಂಪಲ್ ತುಂಡಿಗೆ ಎರಡು ಹನಿ ನಿಂಬೆರಸ ಬಿಟ್ಟು 10 ನಿಮಿಷ ಬಿಟ್ಟು ಒರೆಸಿ. ಮಂಕಾದ ಗುರುತು ಉಳಿಯುತ್ತದೆ. ಪುನರ್ಪುಳಿ, ಹುಣಸೆಹುಳಿ ಚೆಲ್ಲಿದರೂ ಇದೇ ಗತಿ. ಅಡುಗೆಮನೆಯ ಕಟ್ಟೆಗೆ ಖಂಡಿತ ಬೇಡ. "ಸೀಲರ್ ಹೊಡೆದರೆ ಏನೂ ಆಗುವುದಿಲ್ಲ" ಎಂಬ ಅಂಗಡಿಯವರ ಮಾತು ಅರ್ಧ ಸತ್ಯ. ಕಲ್ಲಿನ ಒಳಗಿಳಿಯುವ ಸೀಲರ್ (ರಕ್ಷಣೆಗೆ ಹೊಡೆಯುವ ದ್ರವ) ಎಣ್ಣೆ, ನೀರಿನ ಕಲೆಯನ್ನು ತಡೆದೀತು, ಆಸಿಡನ್ನಲ್ಲ.

ಕಲೆಯೇ ಆಗದಂತೆ ಹಾಸಬಹುದು. ಬೂದು ಸಿಮೆಂಟ್ ಗಾರೆಯ ಬಣ್ಣ ತಿಳಿ ಕಲ್ಲಿನ ಮೇಲಕ್ಕೆ ಹಾಯುತ್ತದೆ, ಹಾಗಾಗಿ ಬಿಳಿ ಪಾಲಿಮರ್ ಅಂಟೇ ಬೇಕು. ಅದನ್ನು ಹಲ್ಲಿನ ಕರಣೆಯಿಂದ ಕಲ್ಲಿನ ಹಿಂಬದಿಗೆ ಪೂರ್ತಿ ಬಳಿಸಿ. ನಾಲ್ಕು ಮೂಲೆಗೆ ಉಂಡೆ ಇಟ್ಟು ಕೂರಿಸಿದರೆ ಕೆಳಗೆ ಟೊಳ್ಳು ಉಳಿದು, ತೂತಿರುವ ಜಾಗದಲ್ಲೇ ಕಲ್ಲು ಒಡೆಯುತ್ತದೆ. ಒಣಗಿದ ಕಲ್ಲಿಗೆ ಗ್ರೌಟಿಗಿಂತ (ಸಂದಿಗೆ ತುಂಬುವ ಗಾರೆ) ಮೊದಲೇ ಒಂದು ಕೋಟ್ ಸೀಲರ್ ಹೊಡೆಸಿ, ಗ್ರೌಟ್ ಹಸಿಯಿರುವಾಗಲೇ ಸ್ಪಂಜಿನಿಂದ ಒರೆಸಿಸಿ. ಜಡಿಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಲ್ಲು ಒಣಗುವುದೇ ಕಷ್ಟ. ಈ ಕೆಲಸ ಬೇಸಿಗೆಗೆ ಇಟ್ಟುಕೊಳ್ಳಿ.

ಈಗಾಗಲೇ ಆಸಿಡ್ ಬಿದ್ದಿದ್ದರೆ ಧಾರಾಳ ನೀರಿನಿಂದ ತೊಳೆದು, ಅಡುಗೆ ಸೋಡಾ ಕರಗಿಸಿದ ನೀರು ಹಾಕಿ, ಮತ್ತೆ ತೊಳೆಯಿರಿ. ಹೋದ ಹೊಳಪು ಮೇಣದಿಂದ ಬಾರದು. ಪೂರ್ತಿ ಒಣಗಿದ ಮೇಲೆ ತೂತುಗಳನ್ನು ಮತ್ತೆ ತುಂಬಿಸಿ, ಡೈಮಂಡ್ ಪ್ಯಾಡಿನಲ್ಲಿ ಉಜ್ಜಿಸಬೇಕು. ಸಿಟೌಟ್ ಆದರೆ ಕನ್ನಡಿ ಹೊಳಪು ಕೇಳಬೇಡಿ, ಮಳೆನೀರು ಬಿದ್ದರೆ ಜಾರುತ್ತದೆ. ಮ್ಯಾಟ್ ಆಗಿಯೇ ನಿಲ್ಲಿಸಲು ಹೇಳಿ. ಪಾಚಿ ಕಟ್ಟಿದರೆ ನ್ಯೂಟ್ರಲ್ ಸೋಪು, ನೈಲಾನ್ ಬ್ರಷ್ ಸಾಕು.